ಮರಳಿಸುವ ವಿದ್ಯೆ

ಒಂದೇ ಕಂಪ್ಯೂಟರಿನ ಒಡಲಲ್ಲಿ ಎರಡು ಮೂರು ಕಂಪ್ಯೂಟರುಗಳನ್ನು ನಡೆಸುವ ಹವ್ಯಾಸಕ್ಕೆ ನಮ್ಮ ಪರಿಗಿ, ಹಿಂದೂಪುರಗಳ ಕಡೆಯಲ್ಲಿಯೂ ಈಚೆಗೆ ಒಂದು ಚಿಕ್ಕ ರಸಿಕಮಂಡಲಿ ಏರ್ಪಟ್ಟಿರುವುದು ಸಂತೋಷದ ಸಂಗತಿಯೇ ಆದರೂ, ಈ ರಸಿಕರಲ್ಲಿ ಬಹುಮಂದಿ ಗ್ರಾಫಿಕ್ಸ್ ಕಾರ್ಡನ್ನೋ ಪ್ರಿಂಟರನ್ನೋ ವರ್ಚುವಲ್ ಮಶೀನಿಗೆ ಒಪ್ಪಿಸುವಾಗ ತೋರುವ ಉತ್ಸಾಹದ ಕಾಲುಭಾಗವನ್ನಾದರೂ ಅದನ್ನು ಹೋಸ್ಟಿಗೆ, ಎಂದರೆ ಹೊರಗಿನ ಮೂಲ ವ್ಯವಸ್ಥೆಗೆ, ಮರಳಿಸುವಾಗ ತೋರುವುದಿಲ್ಲವೆಂಬುದನ್ನು ಹೇಳದೆ ವಿಧಿಯಿಲ್ಲ. ಹೀಗೆ ಒಪ್ಪಿಸುವ ಪಾಸ್‌ಥ್ರೂ ಮಾಡಿ ಮೆರೆಯುವವರು ಬೇಕಾದಷ್ಟು ಜನ ಇದ್ದಾರೆ; ಕೆಲಸ ತೀರಿದ ಬಳಿಕ ಯಂತ್ರವನ್ನು ಆರಿಸದೆಯೇ ಆ ಕಾರ್ಡನ್ನು ಪೂರ್ವದ ಒಡೆಯನ ವಶಕ್ಕೆ ತಂದು, ಪರದೆಯ ಮೇಲೆ ಲಿನಕ್ಸಿನ ಮುಖವನ್ನು ಪುನಃ ಮೂಡಿಸಬಲ್ಲವರು ವಿರಳ. ಕೌಶಲದ ಪರೀಕ್ಷೆ ಇರುವುದು ಈ ಎರಡನೆಯದರಲ್ಲಿಯೇ ಎಂಬುದು ನನ್ನ ಮತ.

ಗಡಿಸೀಮೆಯವರಾದ ನಮಗೆ ಇದು ಕೇವಲ ವಿನೋದವಲ್ಲ. ಲಗ್ನಪತ್ರಿಕೆಯ ಒಂದು ಮಗ್ಗುಲನ್ನು ಕನ್ನಡದಲ್ಲಿಯೂ ಇನ್ನೊಂದನ್ನು ತೆಲುಗಿನಲ್ಲಿಯೂ ಜೋಡಿಸಿಕೊಡಬೇಕಾದ ಡಿಟಿಪಿ ಅಂಗಡಿಯವರು, ಇಲ್ಲಿ ನುಡಿ, ಅಲ್ಲಿ ಅನು ಎಂದು ರೂಢಿಯಾದ ಅಕ್ಷರಗಳಿಗಾಗಿಯೂ ಹಳೆಯ ಪೇಜ್‌ಮೇಕರಿಗಾಗಿಯೂ ಹಳೆಯ ವಿಂಡೋಸನ್ನು ಬಿಡಲಾರರು. ವೈರಸ್ಸಿನ ಭಯದಿಂದ ಅದನ್ನು ಬರಿಮೈಯಲ್ಲಿ ಹೊರಗೆ ಬಿಡಲೂ ಆರರು. ಇಂಥವರು ಲಿನಕ್ಸನ್ನು ಹೋಸ್ಟಾಗಿಸಿ ವಿಂಡೋಸನ್ನು ಅದರೊಳಗೆ ಗೆಸ್ಟಾಗಿ ಕೂಡಿಸಿ, ಲೇಸರ್ ಪ್ರಿಂಟರನ್ನೂ ತಂತ್ರಾಂಶದ ಬೀಗವಾದ ಡಾಂಗಲನ್ನೂ ಗೆಸ್ಟಿನ ಕೈಗೆ ಕೊಡುವುದು ವಿವೇಕದ ಮಾರ್ಗ. ಯುಎಸ್‌ಬಿ ಸಲಕರಣೆಗಳ ವಿಷಯದಲ್ಲಿ ಮರಳಿಸುವ ಕಷ್ಟ ಹೆಚ್ಚಿಲ್ಲ: ಗೆಸ್ಟನ್ನು ನಡೆಸುವ ಕ್ಯೂಎಮು ತಂತ್ರಾಂಶ ತನ್ನ ಹಿಡಿತವನ್ನು ಸಡಿಲಿಸಿದೊಡನೆ ಹೋಸ್ಟಿನ ಡ್ರೈವರನ್ನು ತಾನೇ ಕರೆದು ಪುನಃ ಸ್ಥಾಪಿಸುತ್ತದೆ. ಅರ್ಧ ಅಚ್ಚಾದ ಪ್ರತಿ ಬಾಯಲ್ಲಿರುವಾಗಲೇ ಪ್ರಿಂಟರನ್ನು ಕಿತ್ತುಕೊಳ್ಳದಿದ್ದರೆ ಸಾಕು.

ಈ ಕೊಡುಕೊಳ್ಳುವಿಕೆ ನಿನ್ನೆ ಮೊನ್ನೆಯದಲ್ಲ. 1972ರಲ್ಲಿ ಐಬಿಎಂ ಹೊರತಂದ ವಿಎಂ/370 ವ್ಯವಸ್ಥೆಯಲ್ಲಿಯೇ ಆಪರೇಟರನು ಟೇಪ್ ಡ್ರೈವನ್ನು ಒಬ್ಬ ಬಳಕೆದಾರನ ಯಂತ್ರಕ್ಕೆ ಅಟ್ಯಾಚ್ ಮಾಡಿ, ತರುವಾಯ ಡಿಟ್ಯಾಚ್ ಮಾಡುವ ಪದ್ಧತಿಯಿದ್ದಿತು. ಆ ಪರಂಪರೆಯಲ್ಲಿ ಬಿಡುಗಡೆಯಾದ ಟೇಪು ಹಿಂದಕ್ಕೆ ಸುತ್ತಿಕೊಂಡು, ಇಳಿದು, ಮುಂದಿನವನಿಗೆ ಸಿದ್ಧವಾಗಿರುತ್ತಿದ್ದಿತು. ನಮ್ಮ ಕಾಲದ ಲಿನಕ್ಸಿಗೆ, ವರ್ಚುವಲ್ ಮಶೀನುಗಳನ್ನು ನಡೆಸುವ ಕೆವಿಎಂ ಸೇರಿದ್ದು 2007ರ ಫೆಬ್ರವರಿಯಲ್ಲಿ. ಸಲಕರಣೆಯನ್ನು, ಅದರ ಮೆಮೊರಿ ಪ್ರವೇಶಕ್ಕೆ ಎಲ್ಲೆ ಹಾಕುವ ಐಒಎಂಎಂಯುವಿನ ಕಾವಲಿನಲ್ಲಿ ಗೆಸ್ಟಿಗೆ ಒಪ್ಪಿಸುವ ವಿಎಫ್‌ಐಒ ಬಂದದ್ದು 2012ರಲ್ಲಿ, ರೆಡ್ ಹ್ಯಾಟಿನ ಅಲೆಕ್ಸ್ ವಿಲಿಯಮ್ಸನ್ ಅವರ ಪರಿಶ್ರಮದಿಂದ. ಕೊಡುವ ದಾರಿ ಅಂದಿನಿಂದ ರಾಜಮಾರ್ಗವೇ ಆಗಿದೆ. ಹಿಂದಿರುಗುವ ದಾರಿಯಲ್ಲಿ ಮಾತ್ರ ಇಂದಿಗೂ ಕಲ್ಲುಮುಳ್ಳುಂಟು.

ಆ ದಾರಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಗೆಸ್ಟನ್ನು ಕ್ರಮವಾಗಿ ಶಟ್‌ಡೌನ್ ಮಾಡಿದ ಮೇಲೆ, 0000:01:00.0 ಎಂಬ ವಿಳಾಸದಲ್ಲಿ ಕುಳಿತಿರುವ ಕಾರ್ಡು ಇನ್ನೂ ವಿಎಫ್‌ಐಒ ಡ್ರೈವರಿನ ವಶದಲ್ಲಿಯೇ ಇರುತ್ತದೆ. ಮೊದಲು ಆ ವಿಳಾಸವನ್ನು ಅನ್‌ಬೈಂಡ್ ಕಡತಕ್ಕೆ ಬರೆದು ಅಲ್ಲಿಂದ ಬಿಡಿಸಬೇಕು; ಒಪ್ಪಿಸುವಾಗ ಡ್ರೈವರ್ ಓವರ್‌ರೈಡ್ ಕಡತದಲ್ಲಿ ಬರೆದಿಟ್ಟಿದ್ದ ವಿಎಫ್‌ಐಒ ಹೆಸರನ್ನು ಅಳಿಸಬೇಕು; ಅನಂತರ ಡ್ರೈವರ್ಸ್ ಪ್ರೋಬ್ ಕಡತಕ್ಕೆ ಅದೇ ವಿಳಾಸವನ್ನು ಬರೆದರೆ, ಹೋಸ್ಟಿನ ಸ್ವಂತ ಡ್ರೈವರು ಬಂದು ಅದನ್ನು ಸ್ವೀಕರಿಸುತ್ತದೆ. ನಡುವಣ ಹೆಜ್ಜೆಯನ್ನು ಮರೆತವರ ಕಾರ್ಡು ಪ್ರೋಬ್ ಮಾಡಿದಷ್ಟು ಸಲವೂ ನೇರವಾಗಿ ವಿಎಫ್‌ಐಒ ಮಡಿಲಿಗೇ ಹೋಗಿ ಬೀಳುವುದನ್ನು ಕಂಡು, ಕರ್ನೆಲ್ಲನ್ನು ದೂಷಿಸುವವರುಂಟು. ಇದೇ ಕಾರ್ಡಿನ ಧ್ವನಿಭಾಗ 01:00.1 ವಿಳಾಸದಲ್ಲಿ ಪ್ರತ್ಯೇಕವಾಗಿ ಇರುವುದರಿಂದ ಅದಕ್ಕೂ ಇದೇ ಸಂಸ್ಕಾರ ನಡೆಯತಕ್ಕದ್ದು. ಒಂದೇ ಐಒಎಂಎಂಯು ಗುಂಪಿಗೆ ಸೇರಿದ ಎರಡರಲ್ಲಿ ಒಂದನ್ನು ಗೆಸ್ಟಿನಲ್ಲಿ ಉಳಿಸಿ ಇನ್ನೊಂದನ್ನು ಹೋಸ್ಟಿಗೆ ಕೊಡುವ ಸಾಹಸ ಸಲ್ಲದು. ವರ್ಚುವಲ್ ಮಶೀನುಗಳನ್ನು ನಿರ್ವಹಿಸುವ ಲಿಬ್‌ವರ್ಟ್ ಬಳಸುವವರು ಸಲಕರಣೆಯನ್ನು ಮ್ಯಾನೇಜ್ಡ್ ಎಂದು ಗುರುತಿಸಿಟ್ಟರೆ ಇದೆಲ್ಲವನ್ನೂ ಅದೇ ನಿರ್ವಹಿಸುತ್ತದೆ, ನಿಜ. ಆದರೆ ಕೈಯಾರೆ ಒಮ್ಮೆಯಾದರೂ ಮಾಡದವರಿಗೆ, ಅದು ಎಡವಿದ ದಿನ ಎಲ್ಲಿ ಎಡವಿತೆಂಬುದು ತಿಳಿಯುವ ಬಗೆಯೇ ಇಲ್ಲ.

ಎಡವುವ ಸ್ಥಳಗಳಲ್ಲಿ ಮೊದಲನೆಯದು ಅನ್‌ಬೈಂಡ್. ಗೆಸ್ಟು ಇನ್ನೂ ಜೀವಂತವಾಗಿರುವಾಗಲೇ ಆತುರದಿಂದ ವಿಳಾಸವನ್ನು ಬರೆದು ಎಂಟರ್ ಒತ್ತಿದಿರೋ, ಟರ್ಮಿನಲ್ ಅಲ್ಲಿಯೇ ನಿಂತುಬಿಡುತ್ತದೆ. ಕರ್ನೆಲ್ ಲಾಗನ್ನು ತೆರೆದು ನೋಡಿದರೆ, ಸಲಕರಣೆಯನ್ನು ಬಿಟ್ಟುಕೊಡಬೇಕೆಂಬ ಕೋರಿಕೆಯನ್ನು ಬಳಕೆದಾರನಿಗೆ ತಲಪಿಸುತ್ತಿದ್ದೇನೆಂಬ ಅರ್ಥದ ಸಾಲು ಮೇಲಿಂದ ಮೇಲೆ ಬೀಳುತ್ತಿರುತ್ತದೆ. ಕರ್ನೆಲ್ಲಿನ ಈ ಸೌಜನ್ಯ ನನಗೆ ಬಹಳ ಹಿಡಿಸಿದೆ: ಅದು ಕಸಿದುಕೊಳ್ಳುವುದಿಲ್ಲ, ಕೇಳುತ್ತ ಕಾಯುತ್ತದೆ.

ಎರಡನೆಯದು ರೀಸೆಟ್, ಇದೇ ಗಹನವಾದದ್ದು. ದೇವಸ್ಥಾನದ ಕೊಪ್ಪರಿಗೆಯನ್ನು ಮದುವೆಗೆ ಒಯ್ದವರು ಮಸಿ ತಿಕ್ಕಿ ತೊಳೆದು ಹಿಂದಿರುಗಿಸಬೇಕಲ್ಲವೆ? ಹಾಗೆಯೇ ಗೆಸ್ಟಿನ ಡ್ರೈವರು ಕಾರ್ಡಿನೊಳಗೆ ತುಂಬಿದ ಸ್ಥಿತಿಯೆಲ್ಲವೂ ತೊಳೆದುಹೋದ ಹೊರತು ಹೋಸ್ಟು ಅದನ್ನು ಬಳಸಲಾರದು. ಕಾರ್ಡಿನ ಒಂದು ಫಂಕ್ಷನ್ನನ್ನು ಮಾತ್ರ ಶುದ್ಧಿಗೊಳಿಸುವ ಎಫ್‌ಎಲ್‌ಆರ್ ಎಂಬ ಕ್ರಮ ಅತ್ಯುತ್ತಮ. ಅದಿಲ್ಲದಲ್ಲಿ ವಿದ್ಯುತ್‌ಸ್ಥಿತಿಯನ್ನು ಇಳಿಸಿ ಏರಿಸುವುದೊಂದು, ಇಡೀ ಬಸ್ಸನ್ನೇ ರೀಸೆಟ್ ಮಾಡುವುದು ಇನ್ನೊಂದು. ಎನ್‌ವಿಡಿಯಾ ಕಾರ್ಡುಗಳು ಬಸ್ ರೀಸೆಟ್ಟಿಗೆ ಸಾಮಾನ್ಯವಾಗಿ ಮಣಿಯುತ್ತವೆ. ಎಎಂಡಿಯ ಪೊಲಾರಿಸ್, ವೇಗಾ ಮತ್ತು ಮೊದಲ ನವಿ ತಲೆಮಾರಿನ ಅನೇಕ ಕಾರ್ಡುಗಳಾದರೋ, ಒಮ್ಮೆ ಗೆಸ್ಟಿನಲ್ಲಿ ದುಡಿದು ಬಂದ ಮೇಲೆ ಯಾವ ರೀಸೆಟ್ಟಿಗೂ ಜಗ್ಗದೆ ಮೂಕವಾಗಿ ಕೂಡುವುದರಲ್ಲಿ ಕುಖ್ಯಾತವಾದುವು. ಇವಕ್ಕೋಸ್ಕರವೇ ವೆಂಡರ್ ರೀಸೆಟ್ ಎಂಬ ಕರ್ನೆಲ್ ಮಾಡ್ಯೂಲನ್ನು ಹವ್ಯಾಸಿಗಳು ರಚಿಸಿದ್ದಾರೆ; ಆದರೆ ಕರ್ನೆಲ್ 5.15ರಿಂದೀಚೆಗೆ, ಕಾರ್ಡಿನ ರೀಸೆಟ್ ಮೆಥಡ್ ಎಂಬ ಕಡತದಲ್ಲಿ ಡಿವೈಸ್ ಸ್ಪೆಸಿಫಿಕ್ ಎಂದು ಬರೆದ ಹೊರತು ಅದು ಕೆಲಸಕ್ಕೆ ತೊಡಗದೆಂಬುದನ್ನು ಅರಿಯದೆ, ಮಾಡ್ಯೂಲೇ ಕೆಟ್ಟಿದೆಯೆಂದು ಕೈಬಿಟ್ಟವರು ಒಬ್ಬಿಬ್ಬರಲ್ಲ. ಹೋಸ್ಟನ್ನು ಒಮ್ಮೆ ಸಸ್ಪೆಂಡ್ ಮಾಡಿ ಎಬ್ಬಿಸಿದರೂ ಕೆಲವು ಕಾರ್ಡುಗಳು ದಾರಿಗೆ ಬರುವುದುಂಟು. ಪರಿಪೂರ್ಣವಾದ ರೀಸೆಟ್ ಎಂದರೆ ಕರೆಂಟ್ ಹೋಗುವುದೇ. ಬೇಸಗೆಯಲ್ಲಿ ನಮ್ಮ ಸೀಮೆಯವರಿಗೆ ಆ ಸೌಕರ್ಯ ಬೇಡದೆಯೇ ಒದಗುತ್ತದೆ.

ಹೀಗಿರಲಾಗಿ, ಕೊಳ್ಳುವ ಮುನ್ನವೇ ವಿಚಾರಿಸುವುದು ಲೇಸು. ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಅಗ್ಗವಾಯಿತೆಂದು ಹಳೆಯ ಆರ್‌ಎಕ್ಸ್ 580 ಕಾರ್ಡನ್ನು ಹಿಡಿದು ತರುವವರು, ಅದನ್ನು ಗೆಸ್ಟಿಗೂ ಹೋಸ್ಟಿಗೂ ಓಡಾಡಿಸುವ ಆಸೆಯನ್ನು ಅಂಗಡಿಯಲ್ಲಿಯೇ ಬಿಟ್ಟು ಬರಲಿ. ಅದನ್ನು ಶಾಶ್ವತವಾಗಿ ಗೆಸ್ಟಿಗೇ ಬಿಟ್ಟು, ಹೋಸ್ಟಿಗೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸನ್ನು ಉಳಿಸಿಕೊಳ್ಳುವುದೇ ನನ್ನ ಸಲಹೆ. ಕೊಟ್ಟು ತೆಗೆದುಕೊಳ್ಳುವ ಅಭ್ಯಾಸವೇ ಬೇಕೆನ್ನುವವರು ನೆಟ್‌ವರ್ಕ್ ಕಾರ್ಡಿನಿಂದಲೋ ಎನ್‌ವಿಎಂಇ ಡಿಸ್ಕಿನಿಂದಲೋ ಆರಂಭಿಸಲಿ, ಏಕೆಂದರೆ ಅವುಗಳಲ್ಲಿ ಬಹುತೇಕ ಎಫ್‌ಎಲ್‌ಆರ್ ಬಲ್ಲವು. ಮನೆಯಲ್ಲಿರುವ ಕಾರ್ಡಿನ ರೀಸೆಟ್ ಮೆಥಡ್ ಕಡತವನ್ನು ಈ ವಾರ ಒಮ್ಮೆ ತೆರೆದು ನೋಡಿ: ಅದರಲ್ಲಿ ಎಫ್‌ಎಲ್‌ಆರ್ ಎಂಬ ಮೂರಕ್ಷರವಿದ್ದರೆ ಧೈರ್ಯವಾಗಿ ಪ್ರಯೋಗಕ್ಕೆ ಇಳಿಯಬಹುದು; ಬಸ್ ಎಂಬುದೊಂದೇ ಇದ್ದರೆ, ಅದೇ ಬಸ್ಸಿನ ಮೇಲೆ ಹೋಸ್ಟಿನ ಬೇರೆ ಸಲಕರಣೆ ಯಾವುದೂ ಕುಳಿತಿಲ್ಲವೆಂಬುದನ್ನು ಖಚಿತಪಡಿಸಿಕೊಂಡೇ ಮುಂದುವರಿಯಿರಿ.