ಹೇಳಿದವರು ಯಾರು?

ನಮ್ಮ ಕುಂದಾಪುರದ ಕಡೆಯ ಹೆಂಗಸರು ಕಿವಿರು ಎತ್ತಿ ನೋಡದೆ ಮೀನು ಕೊಳ್ಳುವವರಲ್ಲ. ಎಲ್ಲಿಯದು, ಎಂದು ಬಂದದ್ದು, ಐಸಿನಲ್ಲಿ ಎಷ್ಟು ದಿನ ಇತ್ತು ಎಂದು ಕೇಳಿಯೇ ಬುಟ್ಟಿಗೆ ಕೈಹಾಕುತ್ತಾರೆ. ಆದರೆ ಮೊಬೈಲಿನಲ್ಲಿ ಬಂದ ಔಷಧದ ಮಾತಿಗೆ ಈ ಯಾವ ಪರೀಕ್ಷೆಯೂ ಇಲ್ಲ. "ಹ್ವಾಯ್, ವಾಟ್ಸಾಪಂಗೆ ಬಂದಿತ್ ಕಾಣಿ" ಎಂದರೆ ಸಾಕು, ಅದೇ ಪ್ರಮಾಣ.

ಈ ಸಂದೇಶಗಳನ್ನು ನಾನು ಒಂದು ಬಗೆಯ ಬರವಣಿಗೆಯೆಂದೇ ಓದುತ್ತೇನೆ. ಅದಕ್ಕೊಂದು ಸಿದ್ಧ ಅಚ್ಚಿದೆ. ಮೊದಲು ಹೆದರಿಕೆ, ನಡುವೆ ಅಡುಗೆಮನೆಯ ಒಂದು ವಸ್ತು, ಕೊನೆಗೆ "ಹತ್ತು ಜನರಿಗೆ ಕಳುಹಿಸಿ" ಎಂಬ ಆಜ್ಞೆ. ಬರೆದವರ ಹೆಸರಿಲ್ಲ, ತಾರೀಕಿಲ್ಲ. ಯಾರಿಗೆ ಇದು ಆಗದು, ಯಾವಾಗ ಡಾಕ್ಟರರ ಬಳಿ ಓಡಬೇಕು ಎಂಬ ಮಾತಂತೂ ಇಲ್ಲವೇ ಇಲ್ಲ. ಹೃದಯಾಘಾತವಾದಾಗ ಜೋರಾಗಿ ಕೆಮ್ಮುತ್ತಿದ್ದರೆ ಜೀವ ಉಳಿಯುತ್ತದೆ ಎಂಬ ಸಂದೇಶ ವರ್ಷಗಳಿಂದ ಸುತ್ತುತ್ತಲೇ ಇದೆ. ಅದನ್ನು ನಂಬಿ ಮನೆಯಲ್ಲಿ ಕೆಮ್ಮುತ್ತ ಕೂತರೆ 108ಕ್ಕೆ ಫೋನ್ ಮಾಡಬೇಕಾದ ಹೊತ್ತು ಕಳೆದುಹೋಗುತ್ತದೆ.

2017ರ ಫೆಬ್ರವರಿಯನ್ನು ನೆನಪಿಸಿಕೊಳ್ಳಿ. ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪಗಳಲ್ಲಿ ಒಂಬತ್ತು ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ ಮತ್ತು ರುಬೆಲ್ಲಾ ಲಸಿಕೆ ಹಾಕುವ ಅಭಿಯಾನ ಶುರುವಾಯಿತು. ಜೊತೆಗೇ ಗಾಳಿಸುದ್ದಿಯೂ ಹೊರಟಿತು. ಲಸಿಕೆಯಿಂದ ಮಕ್ಕಳು ಸಾಯುತ್ತವಂತೆ, ಮುಂದೆ ಸಂತಾನ ಆಗುವುದಿಲ್ಲವಂತೆ! ನಿಜ ಸಂಗತಿ ಇದಕ್ಕೆ ತದ್ವಿರುದ್ಧ. ಬಸುರಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ತಗಲಿದರೆ ಗರ್ಭ ಇಳಿಯಬಹುದು, ಇಲ್ಲವೇ ಮಗು ಕಣ್ಣು, ಕಿವಿ, ಹೃದಯದ ದೋಷದೊಂದಿಗೆ ಹುಟ್ಟಬಹುದು. ಅದನ್ನು ತಪ್ಪಿಸುವ ಲಸಿಕೆಯನ್ನೇ ಸಂತಾನದ ಹೆಸರು ಹೇಳಿ ಬೇಡವೆನ್ನಿಸಿದ್ದು ಎಂಥ ವಿಪರೀತ!

ಆದರೂ ನಂಬಿದವರನ್ನು ಹಳಿದು ಸುಮ್ಮನಾಗಲು ನನಗೆ ಮನಸ್ಸಿಲ್ಲ. ಡಾಕ್ಟರರ ಕೋಣೆಯಲ್ಲಿ ನಮಗೆ ಸಿಗುವುದು ಎರಡು ನಿಮಿಷ. ಅಲ್ಲೂ ಕೆಲವೊಮ್ಮೆ ನಮ್ಮ ಪರವಾಗಿ ಗಂಡನೋ ಅತ್ತೆಯೋ ಉತ್ತರ ಹೇಳುತ್ತಾರೆ. ಮುಟ್ಟಿನ ತೊಂದರೆ, ಬಿಳಿಸೆರಗು, ಎದೆಯಲ್ಲಿ ಕೈಗೆ ಸಿಕ್ಕ ಗಂಟು, ಇವನ್ನೆಲ್ಲ ಬಾಯಿಬಿಟ್ಟು ಕೇಳುವುದು ಹೇಗೆ? ಮೊಬೈಲು ನಾಚಿಸುವುದಿಲ್ಲ, ಗದರಿಸುವುದಿಲ್ಲ. ರಾತ್ರಿ ಪಾತ್ರೆ ತೊಳೆದಾದ ಮೇಲೂ ಮಾತಾಡುತ್ತದೆ.

ಈ ಜಾಗವನ್ನು ಹಿಂದೆ ಪುಸ್ತಕಗಳು ತುಂಬುತ್ತಿದ್ದವು. 1991ರಲ್ಲಿ ತೀರಿಕೊಂಡ ಡಾ. ಅನುಪಮಾ ನಿರಂಜನ ಅವರ ‘ತಾಯಿ-ಮಗು’ ಎಷ್ಟೋ ಮನೆಗಳಲ್ಲಿ ಅಕ್ಕನಿಂದ ತಂಗಿಯ ಕೈಗೆ ಹೋಗುತ್ತಿತ್ತು. ಅದೂ ಒಂದು ಬಗೆಯ ಫಾರ್ವರ್ಡೇ. ಆದರೆ ರಕ್ಷಾಪುಟದ ಮೇಲೆ ಲೇಖಕಿಯ ಹೆಸರಿತ್ತು, ಆಕೆ ವೈದ್ಯೆಯಾಗಿದ್ದರು. ಇಂದು ಬ್ರಹ್ಮಾವರ ತಾಲೂಕಿಗೆ ಸೇರಿದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ವನ್ನೇ ಕನ್ನಡಕ್ಕೆ ತಂದವರು. ವಿಜ್ಞಾನ ನಮ್ಮ ಭಾಷೆಗೆ ಒಗ್ಗದು ಎಂಬ ನೆಪ ಈ ಮಣ್ಣಿನಲ್ಲಿ ನಡೆಯುವುದಿಲ್ಲ.

ಮೊಬೈಲನ್ನೇ ದೂರುವಂತೆಯೂ ಇಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಲ್ಲಿ ಇದೇ ವಾಟ್ಸಾಪಿನಲ್ಲಿ ವೈದ್ಯರ ಗುಂಪು ಕಟ್ಟಿದರು. ಹಳ್ಳಿಯ ಡಾಕ್ಟರರು ರೋಗಿಯ ಇಸಿಜಿಯ ಚಿತ್ರ ಕಳುಹಿಸಿದರೆ ತಜ್ಞರು ನೋಡಿ ಸಲಹೆ ಕೊಡುತ್ತಾರೆ. ಸಾಧನ ಅದೇ. ಇಲ್ಲಿ ಹೇಳುವವರು ಯಾರೆಂದು ಗೊತ್ತು, ಹೇಳಿದ ಮಾತಿಗೆ ಅವರು ಹೊಣೆ.

ತಿಳಿದವರ ಮೇಲೂ ನನ್ನದೊಂದು ತಕರಾರಿದೆ. ಆಸ್ಪತ್ರೆ, ಇಲಾಖೆಗಳಿಂದ ಬರುವ ಸರಿಯಾದ ಮಾಹಿತಿಯೂ ಹಲವು ಸಲ ಸುತ್ತೋಲೆಯಂತಿರುತ್ತದೆ. "ಸಮತೋಲಿತ ಆಹಾರ ಸೇವಿಸಿ" ಎಂದು ಬರೆದು ಪಕ್ಕದಲ್ಲಿ ಸೇಬಿನ ಚಿತ್ರ ಹಾಕಿದರೆ ಬೈಂದೂರಿನ ಮನೆಯಲ್ಲಿ ಯಾರಿಗೆ ತಾಗೀತು? ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದನ್ನು ನಮ್ಮ ಗಂಜಿ, ಉಪ್ಪಿನಕಾಯಿ, ಒಣಮೀನಿನ ಲೆಕ್ಕದಲ್ಲಿ ಹೇಳಲಿ; ರಕ್ತದೊತ್ತಡ ಇರುವವಳು ಮರುದಿನವೇ ಭರಣಿಗೆ ಕೈಹಾಕುವ ಮುಂಚೆ ಯೋಚಿಸುತ್ತಾಳೆ. ಸುಳ್ಳು ಮನೆಮಾತಿನಲ್ಲಿ ಬರುತ್ತದೆ, ಸತ್ಯ ಕಚೇರಿಯ ಭಾಷೆಯಲ್ಲಿ ಬರುತ್ತದೆ. ಸುಳ್ಳು ಗೆಲ್ಲುವುದು ಅರ್ಧ ಇದರಿಂದಲೇ.

ತಿಳಿದವರು ನಮ್ಮ ಮಾತು ಕಲಿಯುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಹೇಳಿದವರು ಯಾರು, ಯಾವಾಗ ಹೇಳಿದ್ದು, ಯಾರಿಗೆ ಇದು ಸಲ್ಲದು ಎಂದು ಕೇಳೋಣ. ಉತ್ತರ ಸಿಗದಿದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರದ ಡಾಕ್ಟರರನ್ನೋ ವಿಚಾರಿಸೋಣ. ಅಲ್ಲಿಯವರೆಗೆ ಆ ಸಂದೇಶ ನಮ್ಮ ಮೊಬೈಲಿನಲ್ಲೇ ಇರಲಿ. ಮುಂದೆ ದಾಟಿಸಿದರೆ ಅದಕ್ಕೆ ನಮ್ಮ ಹೆಸರಿನ ನಂಬಿಕೆಯೂ ಅಂಟಿಕೊಳ್ಳುತ್ತದೆ. ಹಾಗೆ ನಂಬಿದ ಯಾವಳೋ ಒಬ್ಬಳು ತನ್ನ ಮಗುವಿನ ಲಸಿಕೆಯನ್ನು ತಪ್ಪಿಸಿಯಾಳು.