ಕ್ಲಿಫ್ಟನ್ ಪಾರ್ಕಿನ ಹುಲ್ಲು: ಒಂದು ಹಳೆಯ ಕೃಷಿಗ್ರಂಥದ ಮರುವಿಮರ್ಶೆ

ಉತ್ತ ಹೊಲವನ್ನು ಕೆಲವು ವರ್ಷ ಹುಲ್ಲುಗಾವಲಾಗಿ ಬಿಟ್ಟು, ಅದರಲ್ಲಿ ಕುರಿ ದನ ಮೇಯಿಸಿ, ಆಮೇಲೆ ಮತ್ತೆ ಉತ್ತು ಬೆಳೆ ಇಡುವ ಪದ್ಧತಿಗೆ ಇಂಗ್ಲಿಷಿನಲ್ಲಿ 'ಲೇ' ಬೇಸಾಯ ಎಂಬ ಹೆಸರಿದೆ. ನಾವಿದನ್ನು ತಾತ್ಕಾಲಿಕ ಹುಲ್ಲುಗಾವಲಿನ ಸರದಿ ಎನ್ನಬಹುದು. ಈ ಪದ್ಧತಿಯನ್ನು ಕುರಿತ ಪ್ರಸಿದ್ಧ ಗ್ರಂಥವೊಂದು 1898ರಲ್ಲಿ ಪ್ರಕಟವಾಯಿತು. ಮುಂದಿನ ಮುದ್ರಣಗಳಲ್ಲಿ ಅದು 'ಕ್ಲಿಫ್ಟನ್ ಪಾರ್ಕ್ ಬೇಸಾಯ ಪದ್ಧತಿ' ಎಂಬ ಹೆಸರು ಪಡೆಯಿತು. 1943ರಲ್ಲಿ ಹುಲ್ಲುಗಾವಲು ವಿಜ್ಞಾನಿ ಜಾರ್ಜ್ ಸ್ಟೇಪಲ್‌ಡನ್ ಅವರ ಮುನ್ನುಡಿಯೊಂದಿಗೆ ಮರುಮುದ್ರಣವಾಯಿತು. ರಾಸಾಯನಿಕ ಗೊಬ್ಬರವನ್ನು ಕಡಿಮೆ ಮಾಡಬೇಕೆನ್ನುವವರು ಇಂದಿಗೂ ಇದನ್ನು ಆಧಾರವಾಗಿ ತೋರಿಸುತ್ತಾರೆ. ಆದ್ದರಿಂದ ಇದರಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ನೋಡುವುದು ಅಗತ್ಯ.

ಗ್ರಂಥಕರ್ತ ರಾಬರ್ಟ್ ಎಲಿಯಟ್ ನಮ್ಮ ನಾಡಿಗೆ ಅಪರಿಚಿತರಲ್ಲ. 1850ರ ದಶಕದಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಮಂಜರಾಬಾದ್ ಸೀಮೆಯಲ್ಲಿ, ಅಂದರೆ ಇಂದಿನ ಸಕಲೇಶಪುರದ ಕಡೆ, ಕಾಫಿ ತೋಟ ಮಾಡಿದವರು. 1894ರಲ್ಲಿ ಮೈಸೂರಿನ ಕಾಫಿ ಬೇಸಾಯ ಕುರಿತು ಬರೆದ ಪುಸ್ತಕದಲ್ಲಿ ತೋಟದ ನೆರಳು ಮತ್ತು ಗೊಬ್ಬರಗಳ ವಿಚಾರವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಕ್ಲಿಫ್ಟನ್ ಪಾರ್ಕ್ ಸ್ಕಾಟ್ಲೆಂಡಿನಲ್ಲಿದ್ದ ಅವರ ಜಮೀನು. ಅಮೆರಿಕದ ಅಗ್ಗದ ಗೋಧಿ ಬ್ರಿಟನ್ನಿಗೆ ಬಂದು ಧಾನ್ಯದ ಬೆಲೆ ಕುಸಿದಿದ್ದ ಕಾಲವದು. ಗೊಬ್ಬರಕ್ಕೆ ಹಣ ಸುರಿದು ಧಾನ್ಯ ಬೆಳೆದರೆ ರೈತನಿಗೆ ಏನೂ ಉಳಿಯದು, ಖರ್ಚು ತಗ್ಗಬೇಕಾದರೆ ಮಣ್ಣೇ ಬಲಗೊಳ್ಳಬೇಕು ಎಂಬುದು ಎಲಿಯಟ್ಟರ ವಾದ.

ಉಪಾಯ ಸರಳ. ಆಳವಾಗಿ ಬೇರು ಬಿಡುವ ಹುಲ್ಲುಗಳು, ಕ್ಲೋವರಿನಂತಹ ದ್ವಿದಳ ಸಸ್ಯಗಳು, ಜೊತೆಗೆ ಚಿಕೋರಿ ಮೊದಲಾದವುಗಳ ಬೀಜ ಬೆರೆಸಿ ಬಿತ್ತಬೇಕು. ಚಿಕೋರಿ ಎಂದರೆ ನಾವು ಕಾಫಿಪುಡಿಗೆ ಬೆರೆಸುವ ಅದೇ ಬೇರು. ಸುಮಾರು ನಾಲ್ಕು ವರ್ಷ ಇದರಲ್ಲಿ ಕುರಿ ಮೇಯಿಸಿ, ನಂತರ ಉತ್ತು ಟರ್ನಿಪ್, ಓಟ್ಸ್ ಮುಂತಾದ ಬೆಳೆ ತೆಗೆಯಬೇಕು. ಮಣ್ಣೊಳಗೆ ಮಗುಚಿದ ಹುಲ್ಲಿನ ಹಾಸು ಕೊಳೆತು ಹ್ಯೂಮಸ್ ಆಗುತ್ತದೆ. ಬಲವಾದ ಬೇರುಗಳು ಅಡಿಯ ಗಟ್ಟಿಪದರವನ್ನು ಸೀಳಿ ನೀರು, ಗಾಳಿಗಳಿಗೆ ದಾರಿ ಮಾಡುತ್ತವೆ.

ಗ್ರಂಥದ ನಿಜವಾದ ಬೆಲೆ ಇರುವುದು ಇಲ್ಲಿಯೇ. ಮಣ್ಣನ್ನು ಲವಣಗಳ ಪಾತ್ರೆಯೆಂದು ಮಾತ್ರ ಕಾಣದೆ, ಅದರ ರಚನೆಯನ್ನೂ ಬೇರುಗಳ ಕೆಲಸವನ್ನೂ ಎಲಿಯಟ್ ಗಮನಿಸಿದರು. ಆದರೆ ಅವರ ಸಾಕ್ಷ್ಯ ಬಹುಪಾಲು ಸ್ವಂತ ಜಮೀನಿನ ಅನುಭವ. ಹುಲ್ಲು ಬೆಳೆದ ತಾಕು, ಬೆಳೆಯದ ತಾಕು, ಪ್ರತಿಯೊಂದರ ಪುನರಾವರ್ತನೆ ಎಂದು ವಿಜ್ಞಾನದ ವಿದ್ಯಾರ್ಥಿ ಕೇಳುವಂತಹ ಹೋಲಿಕೆಯ ಮೇಲೆ ಗ್ರಂಥ ನಿಂತಿಲ್ಲ. ಹುಲ್ಲಿನ ನಂತರ ಬೆಳೆ ಚೆನ್ನಾಗಿ ಬಂತು, ನಿಜ. ಅದಕ್ಕೆ ಕಾರಣ ಹ್ಯೂಮಸ್ಸೇ? ಕ್ಲೋವರಿನ ಬೇರುಗಂಟುಗಳಲ್ಲಿನ ರೈಜೋಬಿಯಂ ಕೂಡಿಸಿಟ್ಟ ಸಾರಜನಕವೇ? ಹಳೆಯ ಬೆಳೆಯ ರೋಗಾಣುಗಳು ಆಹಾರವಿಲ್ಲದೆ ಕ್ಷೀಣಿಸಿದ್ದೇ? ಒಂದೇ ಜಮೀನಿನ ಅನುಭವದಿಂದ ಇವನ್ನು ಬೇರ್ಪಡಿಸಲಾಗದು.

ಬೇರ್ಪಡಿಸುವ ಕೆಲಸ ಮುಂದೆ ಇಂಗ್ಲೆಂಡಿನಲ್ಲಿ ನಡೆಯಿತು. ವೋಬರ್ನಿನ ಮರಳುಗೂಡಿದ ಮಣ್ಣಿನಲ್ಲಿ 1938ರಲ್ಲಿ, ರೋಥಮ್‌ಸ್ಟೆಡ್ಡಿನಲ್ಲಿ 1949ರಲ್ಲಿ ಇಂತಹ ಸರದಿಯ ದೀರ್ಘಕಾಲಿಕ ಪ್ರಯೋಗಗಳು ಆರಂಭವಾದವು. ವೋಬರ್ನಿನಲ್ಲಿ ಸದಾ ಉಳುವ ತಾಕುಗಳ ಸಾವಯವ ಇಂಗಾಲ ಇಳಿಯಿತು. ಮೂರು ವರ್ಷ ಹುಲ್ಲು, ಎರಡು ವರ್ಷ ಬೆಳೆ ಎಂಬ ತಾಕುಗಳಲ್ಲಿ ಅದು ಏರಿತು. ಆದರೆ ಆ ಏರಿಕೆ ಅಲ್ಪ, ಅದೂ ದಶಕಗಳು ಹಿಡಿದವು. ಕಾರಣ ಸ್ಪಷ್ಟ: ಹುಲ್ಲಿನ ವರ್ಷಗಳಲ್ಲಿ ಸೇರಿದ್ದರಲ್ಲಿ ದೊಡ್ಡ ಪಾಲು ಉಳುಮೆಯ ವರ್ಷಗಳಲ್ಲಿ ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ಇಂಗಾಲದ ಡೈ ಆಕ್ಸೈಡ್ ಆಗಿ ಹೊರಹೋಗುತ್ತದೆ. ಬೆಳೆಗೆ ಸಾರಜನಕ ಸಿಗುವುದೂ ಈ ಕೊಳೆಯುವಿಕೆಯಿಂದಲೇ. ಕೂಡಿಟ್ಟದ್ದನ್ನು ಖರ್ಚು ಮಾಡಿದ ಮೇಲೆ, ಅದು ಹಾಗೆಯೇ ಉಳಿದಿದೆ ಎಂದು ಹೇಳಲಾಗುವುದಿಲ್ಲ.

ಇನ್ನೊಂದು ಕೊರತೆ ರಂಜಕದ್ದು. ಸಾರಜನಕವನ್ನು ಗಾಳಿಯಿಂದ ತರಬಹುದು; ರಂಜಕ, ಪೊಟ್ಯಾಸಿಯಂಗಳನ್ನು ತರಲಾಗದು. ಆಳದ ಬೇರು ಅವನ್ನು ಕೆಳಗಿನಿಂದ ಮೇಲಕ್ಕೆ ತಂದೀತೇ ಹೊರತು ಹೊಸದಾಗಿ ಸೃಷ್ಟಿಸದು. ಧಾನ್ಯ, ಮಾಂಸ, ಉಣ್ಣೆಗಳ ರೂಪದಲ್ಲಿ ಜಮೀನಿನಿಂದ ಹೊರಹೋದದ್ದು ಯಾವ ರೂಪದಲ್ಲಾದರೂ ಹಿಂದಿರುಗಬೇಕು. ಹುಲ್ಲಿನ ಸರದಿಯನ್ನು ಗೊಬ್ಬರಕ್ಕೆ ಪೂರ್ಣ ಬದಲಿ ಎಂದು ಓದುವವರು ಈ ಲೆಕ್ಕವನ್ನು ಮರೆಯುತ್ತಾರೆ. ಇತ್ತ, ರೋಥಮ್‌ಸ್ಟೆಡ್ಡಿನ ಬ್ರಾಡ್‌ಬಾಕ್ ಹೊಲದಲ್ಲಿ 1843ರಿಂದ ರಾಸಾಯನಿಕ ಗೊಬ್ಬರದಲ್ಲೇ ಬೆಳೆದ ಗೋಧಿ ಒಳ್ಳೆಯ ಇಳುವರಿ ಕೊಡುತ್ತಲೇ ಬಂದಿದೆ. ಆದರೆ ಅದು ಜೇಡಿಯ ಅಂಶ ಹೆಚ್ಚಿರುವ ಭಾರಿ ಮಣ್ಣು. ಹಗುರ ಮಣ್ಣಿನಲ್ಲಿ ಹ್ಯೂಮಸ್ಸಿನ ಮಹತ್ವ ಹೆಚ್ಚು. ಹಾಗಾಗಿ ಯಾವ ಮಣ್ಣು ಎಂದು ಕೇಳದೆ ಎರಡು ಪಕ್ಷದವರೂ ಗೆಲುವು ಸಾರುವಂತಿಲ್ಲ.

ಈ ಗ್ರಂಥದ ಮಾತನ್ನು ನಮ್ಮಲ್ಲಿಗೆ ತರುವಾಗ ಇನ್ನಷ್ಟು ಎಚ್ಚರ ಬೇಕು. ನಮ್ಮ ಬಿಸಿಲಿನಲ್ಲಿ ಸಾವಯವ ವಸ್ತು ಸ್ಕಾಟ್ಲೆಂಡಿಗಿಂತ ಬೇಗ ಕೊಳೆಯುತ್ತದೆ. ಬಯಲುಸೀಮೆಯ ಬೇಸಿಗೆಯನ್ನು ಕ್ಲೋವರ್ ತಡೆಯದು. ಎರಡೆಕರೆ ಜಮೀನಿನ ರೈತ ಅದನ್ನು ನಾಲ್ಕು ವರ್ಷ ಹುಲ್ಲಿಗೆ ಬಿಟ್ಟರೆ ಆ ವರ್ಷಗಳಲ್ಲಿ ಮನೆ ನಡೆಯುವುದು ಹೇಗೆ? ಎಲಿಯಟ್ಟರ ಲೆಕ್ಕ ಕುರಿಮಂದೆಯ ಆದಾಯವಿದ್ದ ದೊಡ್ಡ ಹಿಡುವಳಿಯದು. ಇಂಗ್ಲೆಂಡಿನಲ್ಲೂ ಬಹುಜಾತಿಯ ಹುಲ್ಲುಗಾವಲಿಗೆ 2023ರ ಸರ್ಕಾರಿ ಯೋಜನೆಯಲ್ಲಿ ಸಹಾಯಧನ ಸೇರಿಸಬೇಕಾಯಿತು ಎಂಬುದನ್ನು ನೆನಪಿಡಬೇಕು.

ಇಷ್ಟಾದರೂ ಗ್ರಂಥ ಓದಲು ಯೋಗ್ಯ. ಎಲಿಯಟ್ ಕಂಡದ್ದು ಸುಳ್ಳಲ್ಲ. ಕಂಡದ್ದಕ್ಕೆ ಕೊಟ್ಟ ಕಾರಣಗಳು ಪರೀಕ್ಷೆಗೆ ಒಳಪಟ್ಟಿರಲಿಲ್ಲ, ಅಷ್ಟೆ. ಉತ್ತಮ ವೀಕ್ಷಣೆಗೂ ಪುರಾವೆಗೂ ಇರುವ ಅಂತರವನ್ನು ತರಗತಿಯಲ್ಲಿ ವಿವರಿಸಲು ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸುಲಭವಾಗಿ ಸಿಗಲಾರದು. ಒಂದೇ ಮಣ್ಣಿನ ಎರಡು ಪಾತಿಗಳನ್ನು ಆರಿಸಿ, ಒಂದರಲ್ಲಿ ಹುಲ್ಲು ಬೆಳೆಸಿ, ಇನ್ನೊಂದನ್ನು ಅಗೆಯುತ್ತಲೇ ಇದ್ದು, ವರ್ಷದ ಕೊನೆಗೆ ಎರಡರಲ್ಲೂ ನೀರು ಇಂಗಲು ಹಿಡಿಯುವ ಸಮಯವನ್ನು ಅಳೆಯಲಿ. ಶಾಲೆಯ ಅಂಗಳದಲ್ಲೇ ಇದು ಸಾಧ್ಯ.