ಹಕ್ಕಿಯ ಉಲಿ: ಕೇಳಿ, ನೋಡಿ ಗುರುತಿಸುವ ಬಗೆ

ಎಲೆ ದಟ್ಟವಾಗಿರುವ ಕಡೆ ಹಕ್ಕಿ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಸಿಗುತ್ತದೆ. ಮಲೆನಾಡಿನ ಮಳೆಗಾಲದ ನಸುಕಿನಲ್ಲಿ ಸಿಳ್ಳಾರದ ನೀಳ ಸಿಳ್ಳು ಕೇಳಿದವರು ಬಹಳ ಮಂದಿ; ಅದರ ಕಡುನೀಲಿ ಮೈಯನ್ನು ಕಂಡವರು ಕಡಿಮೆ. ಹಾಗಾಗಿ ಪಕ್ಷಿವೀಕ್ಷಣೆ ಕಲಿಯುವವರಿಗೆ ಚಿತ್ರವಿರುವ ಪುಸ್ತಕದಷ್ಟೇ ಧ್ವನಿಮುದ್ರಣವೂ ಬೇಕು. ಇಂಥ ಮುದ್ರಣಕ್ಕೆ ಶತಮಾನ ಮೀರಿದ ಚರಿತ್ರೆಯಿದೆ. 1889ರಲ್ಲಿ ಜರ್ಮನಿಯ ಬಾಲಕ ಲುಡ್ವಿಗ್ ಕೋಕ್, ಎಡಿಸನ್ ಫೋನೋಗ್ರಾಫಿನ ಮೇಣದ ಉರುಳೆಯಲ್ಲಿ ತಾನು ಸಾಕಿದ್ದ ಶಾಮಾ ಹಕ್ಕಿಯ ಹಾಡನ್ನು ಹಿಡಿದಿಟ್ಟ. ಪಶ್ಚಿಮಘಟ್ಟದ ಕಾಡುಗಳಲ್ಲೂ ಹಾಡುವ ಹಕ್ಕಿ ಅದು.

ಹಕ್ಕಿಯ ದನಿಯಲ್ಲಿ ಹಾಡು ಬೇರೆ, ಕರೆ ಬೇರೆ. ಹಾಡು ಉದ್ದನೆಯದು, ಸಾಮಾನ್ಯವಾಗಿ ಮರಿ ಮಾಡುವ ಕಾಲದಲ್ಲಿ ಗಂಡು ಹಕ್ಕಿ ತನ್ನ ಎಲ್ಲೆಯನ್ನು ಸಾರಲು, ಹೆಣ್ಣನ್ನು ಸೆಳೆಯಲು ಹಾಡುತ್ತದೆ. ಕರೆ ಚಿಕ್ಕದು, ವರ್ಷವಿಡೀ ಕೇಳುವಂಥದ್ದು: ಎಚ್ಚರಿಕೆ, ಹಸಿವು, ಗುಂಪು ಬಿಟ್ಟುಹೋಗದಂತೆ ಕೂಗುವ ಕೂಗು. ಒಂದೇ ಹಕ್ಕಿಯ ಈ ದನಿಗಳು ಎಷ್ಟೋ ಸಲ ಪರಸ್ಪರ ಹೋಲುವುದೇ ಇಲ್ಲ. ಗಂಡು ಕೋಗಿಲೆಯ ‘ಕುಹೂ’ ಎಲ್ಲರಿಗೂ ಗೊತ್ತು. ಚುಕ್ಕೆಚುಕ್ಕೆಯ ಕಂದು ಹೆಣ್ಣು ‘ಕಿಕ್ ಕಿಕ್ ಕಿಕ್’ ಎಂದು ಕಿರುಚಿದರೆ ಅದೂ ಕೋಗಿಲೆಯೆಂದು ಹೊಸಬರಿಗೆ ಹೊಳೆಯದು.

ಕೇಳುವಾಗ ಮೊದಲು ಲಯ ಹಿಡಿಯಬೇಕು, ಆಮೇಲೆ ಸ್ವರ ಏರುತ್ತದೋ ಇಳಿಯುತ್ತದೋ ಗಮನಿಸಬೇಕು. ದನಿಯ ಗುಣ, ಅಂದರೆ ಸಿಳ್ಳೋ ಕರ್ಕಶವೋ ಎಂಬುದು ಕೊನೆಗೆ. ದೂರದಿಂದ ಕೇಳಿದಾಗ ದನಿಯ ಗುಣ ಮಾಸಿಹೋಗುತ್ತದೆ, ಲಯ ಉಳಿಯುತ್ತದೆ. ಕೋಗಿಲೆಯ ಕೂಗು ಮೆಟ್ಟಿಲುಮೆಟ್ಟಿಲಾಗಿ ಏರಿ ತಟ್ಟನೆ ನಿಲ್ಲುತ್ತದೆ. ಕಂಚುಗಾರ ಹಕ್ಕಿಯದು ಏರಿಳಿತವಿಲ್ಲದ ‘ಟುಕ್ ಟುಕ್ ಟುಕ್’. ಕುಟ್ರ ಹಕ್ಕಿ ಗುರುಗುಟ್ಟುವ ಒಂದು ಸ್ವರದಿಂದ ಶುರುಮಾಡಿ ‘ಕುಟ್ರೂ ಕುಟ್ರೂ’ ಎಂದು ಬೆಳೆಸುತ್ತದೆ. ಮಡಿವಾಳ ಹಕ್ಕಿ ಬೇಸಿಗೆಯ ಮುಂಜಾನೆ ಎತ್ತರದ ಕೊಂಬೆಯಲ್ಲಿ ಕೂತು ಸಾಲುಗಳನ್ನು ಬದಲಿಸುತ್ತ ಹಾಡುತ್ತದೆ. ಇಷ್ಟು ಸುಲಭವಾಗಿ ಊರೊಳಗೇ ದಕ್ಕುವ ಒಳ್ಳೆಯ ಹಾಡು ಇನ್ನೊಂದಿಲ್ಲ. ಊರಿನ ಈ ನಾಲ್ಕೈದು ಹಕ್ಕಿಗಳು ಕಿವಿಗೆ ಗಟ್ಟಿಯಾದ ಮೇಲೆಯೇ ಕಾಡಿನ ಮುದ್ರಣಗಳಿಗೆ ಹೋಗುವುದು ಲೇಸು.

ವಿಡಿಯೊ ಇದ್ದರೆ ಕಲಿತದ್ದು ಬೇಗ ಮನಸ್ಸಿನಲ್ಲಿ ನಿಲ್ಲುತ್ತದೆ, ಏಕೆಂದರೆ ದನಿ ಮೈಯೊಂದಿಗೆ ಬೆಸೆದುಕೊಳ್ಳುತ್ತದೆ. ಕಂಚುಗಾರ ಕೊಕ್ಕು ಮುಚ್ಚಿಕೊಂಡೇ ಕೂಗುತ್ತದೆ. ಪ್ರತಿ ‘ಟುಕ್’ಗೂ ಗಂಟಲು ಉಬ್ಬಿ ಇಳಿಯುತ್ತದೆ. ತಲೆಯನ್ನು ಅತ್ತಿತ್ತ ತಿರುಗಿಸುವುದರಿಂದ ದನಿ ಬರುವ ದಿಕ್ಕೇ ಬದಲಾದಂತೆ ಕೇಳುತ್ತದೆ. ಟುವ್ವಿ ಹಕ್ಕಿ ಕೂಗುವಾಗ ಕತ್ತಿನ ಬದಿಯಲ್ಲಿ ಕಪ್ಪು ಮಚ್ಚೆ ಕಾಣಿಸಿಕೊಳ್ಳುತ್ತದೆ. ಇಂಥ ವಿವರ ಚಿತ್ರಪುಸ್ತಕದಲ್ಲಿ ಸಿಗುವುದು ಕಷ್ಟ.

ಧ್ವನಿಯ ಚಿತ್ರವಾದ ಸ್ಪೆಕ್ಟ್ರೋಗ್ರಾಮ್ ಓದುವುದೂ ಕಠಿಣವಲ್ಲ. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಸ್ವರದ ಎತ್ತರ. ಕಂಚುಗಾರನದು ಸಮ ಅಂತರದ ಚುಕ್ಕೆಗಳ ಸಾಲು, ಕೋಗಿಲೆಯದು ಒಂದಕ್ಕಿಂತ ಒಂದು ಮೇಲೆ ಹೋಗುವ ಬಾಗಿದ ಗೆರೆಗಳು. ಕಿವಿಗೆ ಒಂದೇ ಎನಿಸಿದ ಎರಡು ಹಾಡುಗಳ ವ್ಯತ್ಯಾಸವನ್ನು ಕಣ್ಣು ಇಲ್ಲಿ ಹಿಡಿಯುತ್ತದೆ.

2005ರಲ್ಲಿ ಶುರುವಾದ ಝೆನೊ-ಕ್ಯಾಂಟೊ ಎಂಬ ಹಕ್ಕಿದನಿಗಳ ಆನ್‌ಲೈನ್ ಸಂಗ್ರಹದಲ್ಲಿ ಮುದ್ರಣಗಳಿಗೆ ಗುಣಮಟ್ಟದ ದರ್ಜೆಯಿದೆ. ಹಾಡೋ ಕರೆಯೋ ಎಂದೂ ನಮೂದಿಸಿರುತ್ತಾರೆ. ಕಾರ್ನೆಲ್ ಪಕ್ಷಿಶಾಸ್ತ್ರ ಪ್ರಯೋಗಾಲಯದ ಮೆಕಾಲೆ ಲೈಬ್ರರಿಯಲ್ಲಿ ಧ್ವನಿಯ ಜೊತೆ ಚಿತ್ರ, ವಿಡಿಯೊಗಳೂ ಇವೆ. ಕೇಳುತ್ತಿರುವಂತೆಯೇ ಹೆಸರು ಸೂಚಿಸುವ ಸೌಲಭ್ಯ 2021ರಿಂದ ಅದೇ ಸಂಸ್ಥೆಯ ಮರ್ಲಿನ್ ಆ್ಯಪ್‌ನಲ್ಲಿದೆ. ಆದರೆ ಅದು ಕೊಡುವುದು ಸೂಚನೆ, ತೀರ್ಪಲ್ಲ. ಭೀಮರಾಜ ಹಕ್ಕಿ ಹತ್ತಾರು ಹಕ್ಕಿಗಳ ದನಿಯನ್ನು ಅನುಕರಿಸಿ ಮನುಷ್ಯರನ್ನೂ ಯಂತ್ರವನ್ನೂ ಏಮಾರಿಸಬಲ್ಲದು. ಕಣ್ಣಾರೆ ಕಾಣುವವರೆಗೆ ಹೆಸರು ಬರೆದುಕೊಳ್ಳದಿರುವುದೇ ಸರಿಯಾದ ಅಭ್ಯಾಸ.

ಮುದ್ರಣವನ್ನು ಕೇಳಬೇಕಾದ್ದು ಮನೆಯಲ್ಲಿ, ಇಲ್ಲವೇ ಇಯರ್‌ಫೋನಿನಲ್ಲಿ. ಕಾಡಿನಲ್ಲಿ ಗಟ್ಟಿಯಾಗಿ ಹಾಕಿದರೆ ಗಂಡು ಹಕ್ಕಿ ಎದುರಾಳಿ ಬಂದನೆಂದು ಬಗೆದು ಮೇವು, ಮರಿಗಳನ್ನು ಬಿಟ್ಟು ಕಾದಾಟಕ್ಕೆ ಧಾವಿಸುತ್ತದೆ. ಗೂಡಿನ ಕಾಲದಲ್ಲಂತೂ ಹಕ್ಕಿಯನ್ನು ಹೀಗೆ ಕರೆಯುವುದನ್ನು ಯಾರೂ ಮಾಡಬಾರದು.